ಹೊಡೆದುಹಾಕಿದ ಮೂರನೆಯ ಕಲಮು

ಸೆಪ್ಟೆಂಬರ್ ೯

ನನ್ನ ಹೆಂಡತಿಯ ತಮ್ಮನೂ ಒಂದು ಕಾಲಕ್ಕೆ ನನ್ನ ಜೊತೆಗೆಲಸದವನೂ ಆಗಿದ್ದ ನಿನಗೆ, ಹಿರಿಯನ ಹರಕೆ.

ಭಗವಂತನ ದಯೆಯಿಂದ ಇಲ್ಲಿ ಎಲ್ಲವೂ ಕ್ಷೇಮ, ನನ್ನ ತಾಳ್ಮೆಯೊಂದನ್ನು ಬಿಟ್ಟು. ಮೂರು ಬಾರಿ ಫೋನಿನಲ್ಲಿ ಕೇಳಿದೆ. ಮೂರು ಬಾರಿಯೂ ನೀನು "ನೋಡೋಣ ಭಾವ" ಎಂದೆ. ಅಲ್ಲಿ ನೋಡುವುದಕ್ಕೆ ಏನಿದೆ ಎಂಬುದು ನನಗೆ ತಿಳಿಯದ ಕಾರಣ ಈ ಪತ್ರ. ಫೋನಿನಲ್ಲಾದರೆ ನೀನು ನಗಿಸಿ ನುಣುಚಿಕೊಳ್ಳುವೆ. ಕಾಗದವನ್ನು ನಗಿಸುವ ವಿದ್ಯೆ ನಿನಗಿನ್ನೂ ಬಂದಿಲ್ಲವೆಂದು ಭಾವಿಸಿದ್ದೇನೆ.

ನೀನು ಮರೆತಿರುವೆಯೋ ಮರೆತಂತೆ ನಟಿಸುತ್ತಿರುವೆಯೋ ನಿರ್ಣಯಿಸಲಾರೆನಾಗಿ, ಮೊದಲಿನಿಂದ ಹೇಳುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಊಟದ ಮೇಜಿನ ಮೇಲೆ ನಾವಿಬ್ಬರೂ ಕಣ್ಣಿಲ್ಲದ ಮಕ್ಕಳ ಶಾಲೆಯ ಅಚ್ಚುಕೂಟಕ್ಕಾಗಿ ಒಂದು ತಂತ್ರಾಂಶವನ್ನು ಕಟ್ಟಿದೆವು. ಸಾಮಾನ್ಯ ಬರಹವನ್ನು ಅದಕ್ಕೆ ಕೊಟ್ಟರೆ, ಬೆರಳಿನಿಂದ ಓದುವ ಬ್ರೈಲ್ ಚುಕ್ಕಿಗಳನ್ನಾಗಿ ಮಾಡಿ ಮರಳಿಸುತ್ತಿತ್ತು. ಯಾವ ಅಕ್ಷರಕ್ಕೆ, ಯಾವ ಗಣಿತಚಿಹ್ನೆಗೆ ಯಾವ ಚುಕ್ಕಿ ಎಂಬ ನಿಯಮಗಳನ್ನು ಹೇಳಿದವನು ನಾನು; ಅವನ್ನು ಯಂತ್ರಕ್ಕೆ ತಿಳಿಯುವಂತೆ ಬರೆದವನು ನೀನು. ಮುಗಿದ ಮೇಲೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟೆವು. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ. ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯ ಮೂಲಬರಹವನ್ನೂ, ಎಂದರೆ ಯಂತ್ರಕ್ಕೆ ತಿಳಿಯುವಂತೆ ಬರೆದ ಆ ನಿಯಮಗಳನ್ನೂ, ಜೊತೆಯಲ್ಲೇ ಕೊಡಲಿ. ನಾವು ಬರೆದ ಪರವಾನಗಿಯ ಸಾರ ಇಷ್ಟೇ.

ತರುವಾಯ ನೀನು ಕಚೇರಿ ತೆರೆದೆ. ಅದೇ ತಂತ್ರಾಂಶವನ್ನು ನಿನ್ನ ಯಂತ್ರಗಳ ಮೇಲೆ ಕೂರಿಸಿ, ಅಂತರಜಾಲದ ಮೂಲಕ ಬೇಕಾದವರಿಗೆಲ್ಲ ಬ್ರೈಲ್ ಮಾಡಿಕೊಡತೊಡಗಿದೆ. ಏಳು ವರ್ಷದಿಂದ ನಮ್ಮ ಅಚ್ಚುಕೂಟದ ಪಠ್ಯಪುಸ್ತಕಗಳೂ ಅಲ್ಲಿಗೇ ಹೋಗಿ ಬರುತ್ತಿವೆ. ಬಂದದ್ದನ್ನು ಕರಡು ನೋಡುವವಳು, ಹುಟ್ಟಿನಿಂದ ಕಣ್ಣಿಲ್ಲದಿದ್ದರೂ ನನಗಿಂತ ಚೆನ್ನಾಗಿ ಕಾಣುವ, ಎಲ್ಲರೂ ಚುಕ್ಕಿಯಕ್ಕ ಎನ್ನುವ ಆ ಹೆಂಗಸು. ಒಬ್ಬರು ಮೂಲ ಪಠ್ಯವನ್ನು ಗಟ್ಟಿಯಾಗಿ ಓದುತ್ತಾರೆ, ಆಕೆ ಬೆರಳಾಡಿಸುತ್ತ ತಪ್ಪು ಹಿಡಿಯುತ್ತಾಳೆ. ಹಿಡಿದ ತಪ್ಪನ್ನೆಲ್ಲ ನಿನ್ನ ಪುಟದಲ್ಲಿ 'ತಪ್ಪು ತಿಳಿಸಿ' ಎಂಬ ಗುಂಡಿ ಒತ್ತಿ ನಿನಗೆ ಬರೆದಿದ್ದಾಳೆ. ಏಳು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ. ನೀನು ತಿದ್ದಿಕೊಂಡೆ, ತಂತ್ರಾಂಶ ಬೆಳೆಯಿತು, ಸಂತೋಷ.

ಆದರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚುಕೂಟದ ನಾಲ್ಕು ಗೋಡೆಯ ಹೊರಗೆ ಹೋಗಕೂಡದೆಂಬ ನಿಯಮವಿದೆ. ತಂತಿಯ ಮೂಲಕವೂ ಹೋಗಕೂಡದು. ಆದ್ದರಿಂದ ಅದನ್ನು ಹನ್ನೆರಡು ವರ್ಷದ ಹಿಂದಿನ ನಮ್ಮ ಹಳೆಯ ಪ್ರತಿಯಲ್ಲೇ ಮಾಡುತ್ತೇವೆ. ಹೋದ ಮಾರ್ಚಿನಲ್ಲಿ ಒಂದು ಲೆಕ್ಕವಿತ್ತು. ಬಾಲಕನ ವಯಸ್ಸಿಗೆ ಎರಡು ಕೂಡಿಸಿ, ಮೂರರಿಂದ ಭಾಗಿಸಿ, ಬಂದದ್ದಕ್ಕೆ ಐದು ಸೇರಿಸಿದರೆ ಒಂಬತ್ತು, ಬಾಲಕನ ವಯಸ್ಸೆಷ್ಟು? ಹತ್ತು. ಹಳೆಯ ಪ್ರತಿಯು ಭಿನ್ನರಾಶಿ ಮುಗಿಯಿತೆಂಬ ಗುರುತನ್ನು ಮೂರು ಮುಗಿದೊಡನೆ ಇಡುವ ಬದಲು ಐದು ಮುಗಿದ ಮೇಲೆ ಇಟ್ಟಿತು. ಮಕ್ಕಳು ಮೂರಕ್ಕೆ ಐದು ಕೂಡಿಸಿ ಎಂಟರಿಂದ ಭಾಗಿಸಿದರು. ಬಾಲಕನಿಗೆ ಎಪ್ಪತ್ತು ವರ್ಷವಾಯಿತು. ಪ್ರಶ್ನೆಪತ್ರಿಕೆಯನ್ನು ಗಟ್ಟಿಯಾಗಿ ಓದುವಂತಿಲ್ಲವಾದ್ದರಿಂದ ಚುಕ್ಕಿಯಕ್ಕ ಒಬ್ಬಳೇ ಬೆರಳಾಡಿಸಿದ್ದಳು; ಲೆಕ್ಕ ಲೆಕ್ಕದಂತೆಯೇ ಇತ್ತು, ಆಕೆಗೆ ಅನುಮಾನ ಬರಲು ಕಾರಣವಿರಲಿಲ್ಲ. ಹನ್ನೊಂದು ಮಕ್ಕಳಿಗೆ ಸೊನ್ನೆ ಬಿತ್ತು.

ಇನ್ನು ಆರು ತಿಂಗಳಿಗೆ ಮತ್ತೆ ಪರೀಕ್ಷೆ. ನಿನ್ನ ಕಚೇರಿಯಲ್ಲಿ ಇಂದು ಓಡುತ್ತಿರುವ ತಂತ್ರಾಂಶದ ಒಂದು ಪ್ರತಿಯನ್ನು, ಮೂಲಬರಹದ ಸಮೇತ, ನಮ್ಮ ಅಚ್ಚುಕೂಟದ ಯಂತ್ರಕ್ಕೆ ಕೊಡು. ಒಂದೇ ಒಂದು ಪ್ರತಿ. ನೋಡುವುದಕ್ಕೆ ಏನೂ ಇಲ್ಲ. ಕೊಡುವುದಕ್ಕೆ ಮಾತ್ರ ಇದೆ.

ನಿನ್ನಕ್ಕ ಬಗ್ಗಿ ನೋಡಿ, "ಬೈದು ಬರೀತಿದ್ದೀರಾ? ಬೈಯಿರಿ. ಕೊನೇಲಿ ಭಾನುವಾರ ಊಟಕ್ಕೆ ಬಾ ಅಂತ ಒಂದು ಸಾಲು ಹಾಕಿ" ಎಂದಳು. ಹಾಕಿದ್ದೇನೆ.

ಇಂತಿ,
ನಿನ್ನ ಭಾವ

ಸೆಪ್ಟೆಂಬರ್ ೨೪

ಭಾವನವರಿಗೆ ನಮಸ್ಕಾರ.

ಪತ್ರ ಬಂತು. ಎರಡು ಸಲ ಓದಿದೆ. ಭಾನುವಾರದ ಸಾಲು ಬಹಳ ಹಿಡಿಸಿತು. ಉಳಿದದ್ದಕ್ಕೆ ಉತ್ತರ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ.

ನಮ್ಮ ಲೈಸೆನ್ಸಿನಲ್ಲಿ ಏನಿದೆ? ಪ್ರತಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಸೋರ್ಸ್ ಕೋಡನ್ನೂ ಕೊಡಬೇಕು ಎಂದಿದೆ. ನಾನು ಯಾರಿಗೂ ಪ್ರತಿ ಕೊಟ್ಟಿಲ್ಲ. ತಂತ್ರಾಂಶ ನನ್ನ ಸರ್ವರಿನ ಮೇಲಿದೆ. ಜನ ಬರಹ ತಂದು ಕೊಡುತ್ತಾರೆ, ಚುಕ್ಕಿ ತೆಗೆದುಕೊಂಡು ಹೋಗುತ್ತಾರೆ. ಹಿಟ್ಟಿನ ಗಿರಣಿಗೆ ಕಾಳು ತಂದವರು ಹಿಟ್ಟು ಒಯ್ಯುತ್ತಾರೆ. ಹೋಗುವಾಗ "ನಿಮ್ಮ ಬೀಸುಕಲ್ಲು ಕೊಡಿ" ಎಂದು ಯಾರೂ ಕೇಳುವುದಿಲ್ಲ. ನಾನು ನಿಯಮ ಮುರಿದಿಲ್ಲ ಭಾವ. ವಕೀಲರಿಗೂ ತೋರಿಸಿದ್ದೇನೆ.

ನಿಮಗೊಬ್ಬರಿಗೆ ಕೊಟ್ಟರೆ ಏನಾಗುತ್ತದೆ ಎನ್ನುತ್ತೀರಿ. ನಿಮಗೆ ಒಂದು ಪ್ರತಿ ಕೊಟ್ಟ ಕ್ಷಣ ಅದೇ ಲೈಸೆನ್ಸ್ ಅದಕ್ಕೂ ಹತ್ತುತ್ತದೆ. ಪಡೆದವರು ಯಾರಿಗೆ ಬೇಕಾದರೂ ಹಂಚಬಹುದು, ನಾನು ಬೇಡ ಎನ್ನುವಂತಿಲ್ಲ. ನಾಳೆ ದೊಡ್ಡ ಕಂಪನಿಯೊಂದು ಅದನ್ನೇ ಎತ್ತಿಕೊಂಡು ಇಂಥದೇ ಸೇವೆ ತೆರೆದರೆ ನನ್ನ ಕಚೇರಿಯ ಆರು ಜನ ಏನು ಮಾಡಬೇಕು? ನನ್ನ ಪಾಲುದಾರ ಹೇಳುವುದು ಒಂದೇ ಮಾತು: "ಒಂದು ಕಾಪಿ ಆಚೆ ಹೋದ್ರೆ ಬಾಗಿಲಿಗೆ ಬೀಗ ಹಾಕ್ಕೊಂಡು ಹೋಗೋದೇ."

ಸುಲಭದ ದಾರಿ ಒಂದಿದೆ. ಪ್ರಶ್ನೆಪತ್ರಿಕೆಗಳನ್ನು ಒಂದು ದಿನದ ಮಟ್ಟಿಗೆ ನನಗೆ ಕಳಿಸಿಬಿಡಿ. ನಾನೇ ಕೂತು ಬ್ರೈಲ್ ಮಾಡಿ, ಕಳಿಸಿ, ಇಲ್ಲಿಂದ ಅಳಿಸಿಹಾಕುತ್ತೇನೆ. ಯಾರಿಗೆ ಗೊತ್ತಾಗುತ್ತದೆ?

ಅಕ್ಕನಿಗೆ ಕೇಳಿದೆನೆಂದು ಹೇಳಿ. ಈ ಭಾನುವಾರ ಆಗುವುದಿಲ್ಲ.

ನಿಮ್ಮ ಮೈದುನ

ಅಕ್ಟೋಬರ್ ೨

ಮೈದುನನಿಗೆ,

ಹರಕೆಯನ್ನು ಪತ್ರದ ಕೊನೆಗೆ ಇಟ್ಟುಕೊಂಡಿದ್ದೇನೆ. ಅಷ್ಟರೊಳಗೆ ಸಿಟ್ಟು ಇಳಿದರೆ ಬರೆಯುತ್ತೇನೆ.

ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿರುವೆ. ಪ್ರಶ್ನೆಪತ್ರಿಕೆಯನ್ನು ಹೊರಗೆ ಬಿಡೆನೆಂದು ವರ್ಷಕ್ಕೊಮ್ಮೆ ದೇವರ ಮೇಲೆ ಆಣೆಯಿಟ್ಟು ಮೂವತ್ತೊಂದು ವರ್ಷ ಸಹಿ ಮಾಡಿದವನು ನಾನು. ನಿವೃತ್ತನಾದ ಮೇಲೂ ಅಚ್ಚುಕೂಟದ ಕರಡಿನ ಕೋಣೆಗೆ ಹೋಗಿ ಕೂರುವವನು. ಎಲ್ಲವನ್ನೂ ಕಾಣುವವನೊಬ್ಬನಿದ್ದಾನೆಂದು ಬೆಳಿಗ್ಗೆ ಸಂಜೆ ಕೈಮುಗಿಯುವವನಿಗೆ ನಿನ್ನ ಪ್ರಶ್ನೆಯ ಅರ್ಥವೇ ಆಗದು. ಅದನ್ನು ಬದಿಗಿಡು.

ಗಿರಣಿಯ ಮಾತಿಗೆ ಬರೋಣ. ಗಿರಣಿಯ ಕಲ್ಲು ಸವೆಯುತ್ತದೆ. ಸವೆದಾಗ ಉಳಿ ಹಿಡಿದು ಅದಕ್ಕೆ ಕಚ್ಚು ಹಾಕಬೇಕು. ಇಲ್ಲವಾದರೆ ಕಾಳು ನುಣುಚುತ್ತದೆಯೇ ಹೊರತು ಹಿಟ್ಟಾಗದು. ಏಳು ವರ್ಷ ನಿನ್ನ ಕಲ್ಲಿಗೆ ಕಚ್ಚು ಹಾಕಿದ ಕೈ ಯಾರದು? ಕಾಳು ತಂದವಳೂ ಅವಳೇ, ಕಚ್ಚು ಹಾಕಿದವಳೂ ಅವಳೇ. ಈಗ ಅವಳ ಮನೆಯಲ್ಲೇ ಹಿಟ್ಟು ಬೀಸಬೇಕಾದ ಹೊತ್ತಿಗೆ ಕಲ್ಲು ನನ್ನದು ಎನ್ನುತ್ತೀಯೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿನ್ನ ಪತ್ರವನ್ನು ಚುಕ್ಕಿಯಕ್ಕನಿಗೆ ಓದಿ ಹೇಳಿದೆ. ಆಕೆ ಹಾಳೆಯಿಂದ ಬೆರಳೆತ್ತಲಿಲ್ಲ.

"ಅವರು ಹೇಳೋದು ಸರಿಯಾಗೇ ಇದೆ ಸಾರ್. ಗಿರಣಿಗೆ ಹೋದವರು ಕಲ್ಲು ಕೇಳಲ್ಲ."

"ಹಾಗಾದರೆ ಬಿಟ್ಟುಬಿಡೋಣವೇ?"

"ಬಿಡಿ ಅಂತ ಎಲ್ಲಿ ಹೇಳಿದೆ? ಹೋದ ಪರೀಕ್ಷೆಯ ಆ ಎಪ್ಪತ್ತು ವರ್ಷದ ಹುಡುಗ ಇದಾನಲ್ಲ, ಆ ತಪ್ಪನ್ನ ನಾನು ಅವರಿಗೆ ಬರೆದು ನಾಲ್ಕು ವರ್ಷ ಆಗಿತ್ತು. ಮಾರನೇ ದಿನವೇ ತಿದ್ದಿದ್ರು, ಪಾಪ. ಅಲ್ಲಿ ತಿದ್ದಿತ್ತು. ಇಲ್ಲಿ ತಿದ್ದಿರಲಿಲ್ಲ. ಅಷ್ಟೇ ವ್ಯತ್ಯಾಸ."

ಆ 'ಪಾಪ' ಎಂಬ ಮಾತನ್ನು ಕೇಳಿದ ಮೇಲೆ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ನೀನು ಹೇಗೆ ಉಂಡೆಯೋ ಕಾಣೆ.

ಇನ್ನು ಕೊನೆಯ ಮಾತು. ನಿಯಮ ಮುರಿದಿಲ್ಲವೆಂದು ವಕೀಲರನ್ನು ಮುಂದೆ ಮಾಡಿರುವೆ. ನಮ್ಮ ಪರವಾನಗಿಯಲ್ಲಿ ಮೂರನೆಯ ಕಲಮು ಒಂದಿತ್ತು. ತಂತಿಯ ಮೂಲಕ ಸೇವೆಯಾಗಿ ಒದಗಿಸುವವರೂ, ಅದನ್ನು ಬಳಸುವವರು ಕೇಳಿದರೆ, ಮೂಲಬರಹ ಕೊಡತಕ್ಕದ್ದು ಎಂದು. ನನಗೆ ಚೆನ್ನಾಗಿ ನೆನಪಿದೆ. ಅದರ ಮೇಲೆ ನಾವು ಚರ್ಚೆ ಮಾಡಿದ ಸಂಜೆಯೂ ನೆನಪಿದೆ. ನಿನ್ನ ವಕೀಲರಿಗೆ ಕನ್ನಡಕ ಬೇಕಾದಲ್ಲಿ ನನ್ನ ಹಳೆಯದೊಂದು ಇದೆ.

ಸಿಟ್ಟು ಇಳಿಯಲಿಲ್ಲ. ಹರಕೆ ಬಾಕಿ.

ಭಾವ

ಅಕ್ಟೋಬರ್ ೧೫

ಭಾವ,

ಮೂರನೆಯ ಕಲಮು ನಿಮಗೆ ನೆನಪಿದೆ ಎಂದಿರಿ. ನನಗೂ ಇದೆ. ಅದನ್ನು ಬರೆದವನು ನಾನು.

ಹಳೆಯ ಪೆಟ್ಟಿಗೆ ತೆಗೆದು ಆ ಕರಡನ್ನು ಹುಡುಕಿದೆ. ನೆರಳಚ್ಚು ಇದರೊಂದಿಗಿದೆ. ನಾನು ಟೈಪು ಮಾಡಿ ತಂದ ಮೂರು ಕಲಮಿನಲ್ಲಿ ಕೊನೆಯದರ ಮೇಲೆ ಕೆಂಪು ಶಾಯಿಯ ಗೆರೆ, ಉದ್ದಕ್ಕೂ, ಪಟ್ಟಿ ಇಟ್ಟು ಎಳೆದದ್ದು. ಪಕ್ಕದಲ್ಲಿ ನಿಮ್ಮ ಮುದ್ದಾದ ಅಕ್ಷರ: "ಅನಗತ್ಯ. ತಂತ್ರಾಂಶವನ್ನು ತನ್ನಲ್ಲಿಯೇ ಇಟ್ಟುಕೊಂಡು, ಲೋಕದ ಕೆಲಸವನ್ನೆಲ್ಲ ತಾನೇ ಮಾಡಿಕೊಡುತ್ತ ಕೂರುವ ಮೂಢನು ಯಾರಿದ್ದಾನೆ? ಇಲ್ಲದ ಕಳ್ಳನಿಗೆ ಬೇಲಿ ಕಟ್ಟಬೇಡ."

ಆ ಮೂಢ ನಾನೇ ಆದೆ ಭಾವ. ಆಗ ನನಗೂ ಗೊತ್ತಿರಲಿಲ್ಲ.

ಅರ್ಧ ಗಂಟೆ ವಾದ ಮಾಡಿದೆ. "ಮುಂದೆ ಎಲ್ಲಾ ಹೀಗೇ ಆಗತ್ತೆ ಭಾವ, ಯಾರೂ ಪ್ರತಿ ಕೊಡಲ್ಲ, ಎಲ್ಲಾ ದೂರದಲ್ಲಿ ಓಡತ್ತೆ" ಎಂದೆ. ನೀವು, "ಕೊಡೋದಾದ್ರೆ ಕೊಡು, ಕೊಟ್ಟದ್ದರ ಹಿಂದೆ ಹಿಂದೆ ಕೋಲು ಹಿಡ್ಕೊಂಡು ಹೋಗಬೇಡ" ಎಂದಿರಿ. ನಾನು ಚಿಕ್ಕವನು, ನಿಮ್ಮ ಮನೆಯ ಅನ್ನ ಉಂಡವನು, ಸುಮ್ಮನಾದೆ. ನಾನು ಹೇಳಿದ ಒಂದು ಮಾತಾದರೂ ನಿಮ್ಮ ಕಿವಿಗೆ ಬಿದ್ದಿದೆ ಎಂದು ಆ ದಿನ ನನಗೆ ಅನ್ನಿಸಿದ್ದರೆ, ಈಗ ನನ್ನ ಪಾಲುದಾರನ ಎದುರು ನಿಲ್ಲುವ ಮನಸ್ಸು ಬರುತ್ತಿತ್ತೇನೋ. ಹೇಳಲಾರೆ.

ಕನ್ನಡಕ ಇಟ್ಟುಕೊಳ್ಳಿ.

ಮೈದುನ

ನವೆಂಬರ್ ೨೮

ಚಿರಂಜೀವಿಗೆ,

ಆರು ವಾರ ಬರೆಯದಿದ್ದದ್ದು ಕೈ ನೋವಿನಿಂದಲ್ಲ. ನೀನು ಕಳಿಸಿದ ನೆರಳಚ್ಚನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಗೆರೆ ಬಹಳ ನೇರವಾಗಿದೆ. ಮೂವತ್ತೊಂದು ವರ್ಷ ಪರರ ಕರಡಿನಲ್ಲಿ ತಪ್ಪು ಹುಡುಕಿದವನು, ಹುಡುಕಿದ್ದಕ್ಕಾಗಿ ಹೆಮ್ಮೆಪಟ್ಟವನು, ತನ್ನ ಮುಂದೆ ಬಂದ ಒಂದೇ ಒಂದು ಸರಿಯಾದ ಮಾತನ್ನು ಪಟ್ಟಿ ಇಟ್ಟು ಹೊಡೆದುಹಾಕಿದ. ಆಮೇಲೆ ಆ ಕಲಮು ಅಲ್ಲೇ ಇದೆಯೆಂದು ಹನ್ನೆರಡು ವರ್ಷ ನಂಬಿದ. ಕೊಟ್ಟದ್ದಕ್ಕೆ ಷರತ್ತು ಹಾಕಿದರೆ ದಾನದ ಫಲ ಕುಂದುತ್ತದೆಂದು ನಾನು ಆಗ ಎಣಿಸಿದ್ದೆ. ಆ ಷರತ್ತು ನನಗಾಗಿ ಅಲ್ಲ, ನಮ್ಮ ಹಿಂದೆ ಬರುವವರ ಕೈಗಾಗಿ ಎಂಬುದು ತಲೆಗೆ ಹೋಗಲಿಲ್ಲ. ನೀನು ಹೇಳಿದ್ದು ಕಿವಿಗೆ ಬಿದ್ದಿತ್ತು. ನೀನು ಚಿಕ್ಕವನೆಂಬ ಕಾರಣಕ್ಕೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಇದನ್ನು ಬರೆಯುವುದಕ್ಕೆ ಆರು ವಾರ ಬೇಕಾಯಿತು.

ಚುಕ್ಕಿಯಕ್ಕನಿಗೆ ಹೇಳದೆ ಇರಲಾಗಲಿಲ್ಲ. ಹೇಳಿದೆ. ಆಕೆ ನಕ್ಕಳು.

"ಸಾರ್, ನಾನು ಒಂದು ಚುಕ್ಕಿ ಬಿಟ್ರೆ ನೀವು ಮೂರು ದಿನ ಮುಖ ಊದಿಸ್ಕೊಂಡು ಓಡಾಡ್ತಿದ್ರಿ. ನೀವು ಒಂದು ಕಲಮನ್ನೇ ಬಿಟ್ಟಿದ್ದೀರಲ್ಲ. ನಾನೀಗ ಎಷ್ಟು ದಿನ ಊದಿಸ್ಕೋಬೇಕು, ಲೆಕ್ಕ ಹಾಕಿ ಹೇಳಿ."

ನಾನು ಕುರ್ಚಿಯನ್ನು ಅತ್ತಿತ್ತ ಸರಿಸಿದೆ.

ನಿನ್ನನ್ನು ಮತ್ತೆ ಕೇಳುತ್ತಿಲ್ಲ. ಕೇಳುವ ಹಕ್ಕನ್ನು ನಾನೇ ಕೆಂಪು ಶಾಯಿಯಲ್ಲಿ ಮುಗಿಸಿದ್ದೇನೆ. ನಾವು ಬೇರೆ ಕೆಲಸಕ್ಕೆ ತೊಡಗಿದ್ದೇವೆ. ಬೆಳಿಗ್ಗೆ ಒಂಬತ್ತರಿಂದ, ಚುಕ್ಕಿ ಒತ್ತುವ ಯಂತ್ರದ ಹಿಂದಿನ ಕೋಣೆಯಲ್ಲಿ, ಆಕೆ ಏಳು ವರ್ಷದಲ್ಲಿ ಹಿಡಿದ ತಪ್ಪುಗಳನ್ನು ನೆನಪಿನಿಂದ ಒಂದೊಂದಾಗಿ ಹೇಳುತ್ತಾಳೆ. ನಾನು ಹಳೆಯ ಪ್ರತಿಯ ಒಳಗೆ ನಿಯಮವಾಗಿ ಬರೆಯುತ್ತೇನೆ. ನನ್ನ ಬೆರಳು ಕೀಲಿಮಣೆಯ ಮೇಲೆ ಕುಂಟುತ್ತದೆ. ಯಂತ್ರ ಮಾತುಮಾತಿಗೆ ಗೊಣಗುತ್ತದೆ. ಯಾವ ಸಾಲಿನಲ್ಲಿ ತಪ್ಪಿದೆ ಎಂದು ಕೇಳಿದರೆ, ತಪ್ಪಿಲ್ಲದ ಸಾಲನ್ನು ತೋರಿಸುತ್ತದೆ. ನೀನು ಬರೆದ ಮೂಲಬರಹದಲ್ಲಿ ಒಂದು ಕಡೆ 'ಇದನ್ನು ಮುಟ್ಟಬೇಡಿ, ಯಾಕೆ ಓಡುತ್ತಿದೆ ಗೊತ್ತಿಲ್ಲ' ಎಂಬ ಟಿಪ್ಪಣಿಯಿದೆ. ಅದನ್ನು ಮುಟ್ಟಿದೆ. ಓಡುವುದನ್ನು ನಿಲ್ಲಿಸಿತು. ಎರಡು ದಿನ ಹೋಯಿತು.

ದಿನಕ್ಕೆ ಇಪ್ಪತ್ತು ನಿಯಮವಾದರೆ ಹೆಚ್ಚು. ಪರೀಕ್ಷೆಯ ಹೊತ್ತಿಗೆ ಅರ್ಧವೂ ಆಗದು. ಯಾವ ಅರ್ಧ ಎಂಬುದನ್ನು ದೇವರು ಆರಿಸಲಿ.

ಬಾಕಿ ಇದ್ದ ಹರಕೆಯನ್ನು ಇದರೊಂದಿಗೆ ಕಳಿಸಿದ್ದೇನೆ.

ನಿನ್ನ ಭಾವ

ಜನವರಿ ೪

ಭಾವನವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ತಿಂಗಳಾಯಿತು. ಏನು ಬರೆಯಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದೆ. ಹರಕೆ ತಲುಪಿತು ಎಂದಷ್ಟೇ ಹೇಳಬಲ್ಲೆ.

ಈಗ ಬರೆಯುತ್ತಿರುವುದು ಕಚೇರಿಯ ವಿಷಯಕ್ಕೆ. ಅಕ್ಟೋಬರಿನಿಂದ ನಿಮ್ಮ ಅಚ್ಚುಕೂಟದಿಂದ ತಪ್ಪಿನ ವರದಿ ಒಂದೂ ಬಂದಿಲ್ಲ. ಮೊದಲ ತಿಂಗಳು ಗಮನಿಸಲಿಲ್ಲ. ಈ ವರ್ಷ ಹೊಸ ಗಣಿತದ ಪುಸ್ತಕಗಳು ಬಂದಿವೆ, ಅವುಗಳ ಕೋಷ್ಟಕಗಳಲ್ಲಿ ನಮ್ಮ ತಂತ್ರಾಂಶ ಎಡವುತ್ತಿದೆ. ಬೇರೆ ಶಾಲೆಗಳಿಂದ ದೂರು ಬರುತ್ತಿವೆ: "ಏನೋ ಸರಿ ಇಲ್ಲ" ಎನ್ನುತ್ತಾರೆ, ಏನು ಎಂದು ಹೇಳಲು ಯಾರಿಗೂ ಬರುವುದಿಲ್ಲ. ಎಷ್ಟನೆಯ ಸಾಲು, ಎಷ್ಟನೆಯ ಮನೆ, ಯಾವ ಚುಕ್ಕಿ ಎಂದು ಬರೆಯುತ್ತಿದ್ದವರು ಒಬ್ಬರೇ ಇದ್ದರೆಂದು ನಮಗೆ ಈಗ ಗೊತ್ತಾಗಿದೆ.

ಪಾಲುದಾರ ಒಪ್ಪಿದ್ದಾನೆ. ಚುಕ್ಕಿಯಕ್ಕನವರು ನಮ್ಮ ಕಚೇರಿಗೆ ಕೆಲಸಕ್ಕೆ ಬರಲಿ. ಮನೆಯಿಂದಲೇ ಮಾಡಬಹುದು. ಒಳ್ಳೆಯ ಹುದ್ದೆ, ಅವರದೇ ಹೆಸರು ಪುಟದಲ್ಲಿ ಹಾಕುತ್ತೇವೆ. ದಯವಿಟ್ಟು ಅವರಿಗೆ ಹೇಳಿ.

ನಿಮ್ಮ ಮೈದುನ

ಜನವರಿ ೧೨

ಸಾರ್ ಅವರ ಮೈದುನರಿಗೆ, ಅಚ್ಚುಕೂಟದ ಕರಡು ಓದುವವಳ ವಂದನೆ.

ನಿಮ್ಮ ಪತ್ರವನ್ನು ಸಾರ್ ನನಗೆ ಓದಿ ಹೇಳಿದರು. ಅರ್ಧ ಓದುವಷ್ಟರಲ್ಲಿ ಅವರಿಗೆ ಕೆಮ್ಮು ಬಂತು, ಉಳಿದರ್ಧವನ್ನು ನಮ್ಮ ಗುಮಾಸ್ತರು ಓದಿದರು. ಉತ್ತರವನ್ನು ನಾನೇ ಟೈಪು ಮಾಡುತ್ತಿದ್ದೇನೆ. ಸಾರ್ ಇದನ್ನು ನೋಡಿಲ್ಲ. ನೋಡಿದರೆ ತಿದ್ದುತ್ತಾರೆ.

ಕೆಲಸ ಕೊಡುತ್ತೇನೆ ಎಂದದ್ದಕ್ಕೆ ಉಪಕಾರವಾಯಿತು. ಬರಲಾರೆ. ಸಿಟ್ಟಿನಿಂದ ಗುಂಡಿ ಒತ್ತುವುದನ್ನು ನಿಲ್ಲಿಸಿದೆ ಎಂದುಕೊಂಡಿರಬೇಕು. ಸಿಟ್ಟೇನಿಲ್ಲ. ಒಂದು ಸಂಗತಿ ಹೇಳುತ್ತೇನೆ.

ಹೋದ ವರ್ಷ ಫಲಿತಾಂಶ ಬಂದ ಮೇಲೆ ಒಬ್ಬ ಹುಡುಗಿ ಅಚ್ಚುಕೂಟಕ್ಕೆ ಬಂದಳು. ಆ ವಯಸ್ಸಿನ ಲೆಕ್ಕವನ್ನು ಬಿಡದೆ ಮಾಡುತ್ತ ಕೂತಿದ್ದವಳು. ಉಳಿದ ಹತ್ತು ಮಕ್ಕಳು ಎಪ್ಪತ್ತು ಎಂದು ಬರೆದು ಮುಂದೆ ಹೋದರು. ಈಕೆ ಮಾತ್ರ, ಬಾಲಕನಿಗೆ ಎಪ್ಪತ್ತು ಹೇಗೆ ಬರುತ್ತದೆ ಎಂದು ಆರು ಸಲ ಮಾಡಿದಳಂತೆ, ಉಳಿದ ಪ್ರಶ್ನೆಗೆ ಹೊತ್ತು ಸಾಲಲಿಲ್ಲ. ಪ್ರಶ್ನೆಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು, "ಅಕ್ಕ, ನೀವು ಓದಿ. ನನ್ನ ಬೆರಳು ತಪ್ಪು ಓದ್ತಾ ಇದೆಯಾ?" ಎಂದಳು. ನಾನು ಓದಿದೆ. ಅವಳ ಬೆರಳು ಸರಿಯಾಗಿಯೇ ಓದಿತ್ತು. ಹಾಗೆಂದು ಹೇಳಿದೆ. ಅವಳು ನಂಬಲಿಲ್ಲ. ಕಣ್ಣಿಲ್ಲದವರು ಒಬ್ಬರಿಗೊಬ್ಬರು ಸಮಾಧಾನಕ್ಕೆ ಸುಳ್ಳು ಹೇಳುತ್ತಾರೆಂದು ಅವಳಿಗೂ ಗೊತ್ತು.

ಆ ಗುರುತು ಎಲ್ಲಿ ಬೀಳಬೇಕೆಂದು ನಾನು ನಿಮಗೆ ಬರೆದಿದ್ದೆ. ನನ್ನ ಮಾತು ನಿಮ್ಮ ಯಂತ್ರದಲ್ಲಿ ಇತ್ತು. ನನ್ನ ಮಗ್ಗುಲಲ್ಲಿದ್ದ ಯಂತ್ರದಲ್ಲಿ ಇರಲಿಲ್ಲ. ಅಂದರೆ ನಾನು ತಿದ್ದಿದ್ದು ನನಗೇ ಸಿಗದ ಜಾಗಕ್ಕೆ ಹೋಗುತ್ತಿದೆ. ಇನ್ನು ನಾಲ್ಕು ಸಾವಿರ ತಪ್ಪು ಹಿಡಿದರೂ ಅಲ್ಲಿಗೇ ಹೋಗುತ್ತದೆ. ನಿಮ್ಮಲ್ಲಿ ಕೆಲಸಕ್ಕೆ ಸೇರಿದರೆ ಇನ್ನೂ ಬೇಗ ಹೋಗುತ್ತದೆ, ಅಷ್ಟೇ.

ನಾನು ಹಿಡಿದ ತಪ್ಪುಗಳನ್ನು ಮರಳಿ ಕೊಡಿ ಎಂದು ಕೇಳುವುದಕ್ಕೆ ನನಗೆ ಕಾನೂನು ಗೊತ್ತಿಲ್ಲ. ಸಾರ್ ಹೇಳುವ ಪ್ರಕಾರ ಕಾನೂನು ನಿಮ್ಮ ಕಡೆಗಿದೆ. ಇರಲಿ ಬಿಡಿ. ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ಪ್ರಶ್ನೆಪತ್ರಿಕೆ ಬರುತ್ತದೆ. ಅದನ್ನು ನಾನು ಒಬ್ಬಳೇ ಓದಬೇಕು. ಲೆಕ್ಕ ಲೆಕ್ಕದಂತೆಯೇ ಇರುತ್ತದೆ. ಅದು ಪ್ರಶ್ನೆ ಬರೆದವರು ಕೊಟ್ಟ ಲೆಕ್ಕ ಹೌದೋ ಅಲ್ಲವೋ ನನಗೆ ತಿಳಿಯುವುದಿಲ್ಲ.

ಸಾರ್ ದಿನಾ ಬಂದು ಟೈಪು ಮಾಡುತ್ತಾರೆ. ಕೀಲಿಮಣೆಗೆ ಬೈಯುತ್ತಾರೆ, ನಿಮ್ಮನ್ನು ಬೈಯುವುದು ಬಿಟ್ಟಿದ್ದಾರೆ. ಅದು ನನಗೆ ಹೆದರಿಕೆ.

ಹೀಗೆಂದು ಅರಿಕೆ.
ಕರಡು ಓದುವವಳು

ಫೆಬ್ರವರಿ ೧೧

ಭಾವ,

ಈ ಲಕೋಟೆಯಲ್ಲಿ ಒಂದು ಪೆನ್ ಡ್ರೈವ್ ಇದೆ. ನಮ್ಮಲ್ಲಿ ಓಡುತ್ತಿರುವ ತಂತ್ರಾಂಶ, ಇವತ್ತಿನದು, ಸೋರ್ಸ್ ಕೋಡ್ ಸಮೇತ. ಚುಕ್ಕಿಯಕ್ಕನವರ ತಿದ್ದುಪಡಿಗಳು ನಾಲ್ಕು ಸಾವಿರದ ಇನ್ನೂರ ಹದಿನಾರು, ಎಲ್ಲವೂ ಅದರಲ್ಲಿವೆ. ಅವರ ಪತ್ರವನ್ನು ಪಾಲುದಾರನಿಗೆ ತೋರಿಸಿದೆ. ಅವನು ಓದಿ, "ನಂಗೂ ಸಂಕಟ ಆಗುತ್ತೆ ಮಾರಾಯ, ಆದ್ರೆ ಕೊಡಬೇಡ" ಎಂದ. ಅವನಿಗೆ ಹೇಳದೆ ಕಳಿಸುತ್ತಿಲ್ಲ. ಹೇಳಿಯೇ ಕಳಿಸುತ್ತಿದ್ದೇನೆ. ಮೂರು ದಿನದಿಂದ ಅವನು ನನ್ನ ಜೊತೆ ಮಾತಾಡುತ್ತಿಲ್ಲ.

ಲೈಸೆನ್ಸ್ ಏನು ಹೇಳುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಈಗ ಇದು ನಿಮ್ಮದು. ಯಾರಿಗಾದರೂ ಕೊಡಬಹುದು, ನಾನು ತಡೆಯುವಂತಿಲ್ಲ. ಷರತ್ತಾಗಿ ಹೇಳುತ್ತಿಲ್ಲ. ನಿಮ್ಮ ಹೆಂಡತಿಯ ತಮ್ಮನಾಗಿ ಬೇಡಿಕೊಳ್ಳುತ್ತಿದ್ದೇನೆ. ಇದು ಅಚ್ಚುಕೂಟದ ನಾಲ್ಕು ಗೋಡೆಯ ಒಳಗೇ ಇರಲಿ. ಇಲ್ಲಿ ಆರು ಜನರಿದ್ದಾರೆ.

'ಮುಟ್ಟಬೇಡಿ' ಎಂದು ಬರೆದದ್ದನ್ನು ಮುಟ್ಟಬೇಡಿ. ಅದು ಯಾಕೆ ಓಡುತ್ತಿದೆ ಎಂದು ಈಗಲೂ ಗೊತ್ತಿಲ್ಲ.

ಮೈದುನ

ಮಾರ್ಚ್ ೨೨

ನನ್ನ ಪ್ರೀತಿಯ ಹುಡುಗನಿಗೆ,

ನಿನ್ನ ಲಕೋಟೆ ಫೆಬ್ರವರಿ ಹದಿನಾಲ್ಕಕ್ಕೆ ಬಂತು. ಪ್ರಶ್ನೆಪತ್ರಿಕೆಗಳು ಇಪ್ಪತ್ತಕ್ಕೆ ಬಂದವು. ಪರೀಕ್ಷೆ ಈ ತಿಂಗಳ ಎಂಟಕ್ಕೆ ಮುಗಿಯಿತು. ಮುಗಿದ ಮೇಲೆ ಗಟ್ಟಿಯಾಗಿ ಓದಲು ಅಡ್ಡಿಯಿಲ್ಲವಾದ್ದರಿಂದ, ಮರುದಿನ ನಾನು ಮೂಲವನ್ನು ಓದಿದೆ, ಚುಕ್ಕಿಯಕ್ಕ ಬೆರಳಾಡಿಸಿದಳು. ಗಣಿತದ ಪತ್ರಿಕೆಯಲ್ಲಿ ಒಂದು ಗುರುತೂ ಜಾಗ ತಪ್ಪಿರಲಿಲ್ಲ. ಆಕೆ ಮೊದಲ ಪುಟಕ್ಕೆ ಹಿಂದಿರುಗಿ ಇನ್ನೊಮ್ಮೆ ಓದಿಸಿದಳು. ಅನುಮಾನವಿತ್ತೆಂದಲ್ಲ. ಹಾಗೆ ಓದಿಸಿಕೊಳ್ಳುವುದು ಆಕೆಗೆ ಬೇಕಾಗಿತ್ತು.

ನಿನ್ನ ಬೇಡಿಕೆಗೆ ನಾನು ಈವರೆಗೆ ಉತ್ತರ ಬರೆಯಲಿಲ್ಲ. ನನ್ನ ಮೌನವನ್ನು ನೀನು ಒಪ್ಪಿಗೆಯೆಂದು ಎಣಿಸಿದ್ದರೆ ಅದು ನನ್ನ ದೋಷ. ಒಪ್ಪಿಗೆಯಿರಲಿಲ್ಲ, ಅಳುಕಿತ್ತು. ಯಾರೂ ಕೇಳದಿರಲಿ ಎಂದು ಪ್ರಾರ್ಥಿಸುತ್ತಿದ್ದೆ. ಇಂಥ ಪ್ರಾರ್ಥನೆಯನ್ನು ಭಗವಂತ ಯಾವ ಮುಖದಿಂದ ಕೇಳಿಸಿಕೊಂಡಾನು?

ಸೋಮವಾರ ಒಂದು ಪತ್ರ ಬಂತು. ದೂರದ ಇನ್ನೊಂದು ಅಂಧಶಾಲೆಯ ಅಚ್ಚುಕೂಟದ ಮೇಲ್ವಿಚಾರಕಿ ಬರೆದದ್ದು. ಆಕೆಯಲ್ಲಿ ಇಪ್ಪತ್ತೆರಡು ಮಕ್ಕಳು. ಪ್ರಶ್ನೆಪತ್ರಿಕೆ ಹೊರಗೆ ಹೋಗಕೂಡದೆಂಬ ನಿಯಮ ಅಲ್ಲಿಯೂ ಇದೆ. ನಮ್ಮ ಹನ್ನೆರಡು ವರ್ಷದ ಹಳೆಯ ಪ್ರತಿಯೇ ಅಲ್ಲಿಯೂ ಇದೆ. ಮೇ ತಿಂಗಳಿನಲ್ಲಿ ಅವರ ಪರೀಕ್ಷೆ. ನಿಮ್ಮ ಪತ್ರಿಕೆ ತಪ್ಪಿಲ್ಲದೆ ಬಂತೆಂದು ಕೇಳಿದೆವು, ಹೇಗೆ ಮಾಡಿದಿರಿ, ನಮಗೂ ಕೊಡಬಲ್ಲಿರಾ, ಎಂದು ಕೇಳಿದ್ದಾಳೆ. ಆಕೆಯ ಅಕ್ಷರ ದುಂಡಗಿದೆ. ಕಾಗುಣಿತದ ಒಂದು ತಪ್ಪೂ ಇಲ್ಲ. ತಪ್ಪಿದ್ದಿದ್ದರೆ ಸಿಡುಕುವುದಕ್ಕಾದರೂ ಏನಾದರೂ ಸಿಗುತ್ತಿತ್ತು.

ಐದು ದಿನ ಆ ಪತ್ರವನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ನಿನ್ನ ಆರು ಜನರನ್ನು ಬಲ್ಲೆ. ನಿನ್ನ ಕಚೇರಿ ತೆರೆದ ದಿನ ಅವರಲ್ಲಿ ನಾಲ್ವರಿಗೆ ನನ್ನ ಕೈಯಾರೆ ನೀರು ಕೊಟ್ಟಿದ್ದೇನೆ. ಕೊಡಲಾಗದೆಂದು ಆಕೆಗೆ ಬರೆಯಲು ಕೂತೆ. ನಯವಾಗಿ ಬರೆದರೆ ಸುಳ್ಳಾಗುತ್ತಿತ್ತು, ನೇರವಾಗಿ ಬರೆದರೆ ನಾಚಿಕೆಯಾಗುತ್ತಿತ್ತು. ನಿನ್ನಕ್ಕ ಕಸದ ಬುಟ್ಟಿಯಲ್ಲಿದ್ದ ಹಾಳೆಗಳನ್ನು ತೆಗೆದು, ಬಿಡಿಸಿ, ಓದಿ, ನನ್ನ ಎದುರು ಬಂದು ನಿಂತಳು.

"ತಮ್ಮ ನನ್ನೋನು. ನಿಮಗಿಂತ ಮೊದಲಿಂದ ನನ್ನೋನು. ಅವನ ಬಾಗಿಲು ಮುಚ್ಚಿದ್ರೆ ಮೊದಲು ಅಳೋಳು ನಾನೇ. ಆದ್ರೂ ಕೇಳ್ತೀನಿ. ಆ ಇಪ್ಪತ್ತೆರಡು ಮಕ್ಕಳಿಗೆ ಇವತ್ತು ಬೇಡ ಅಂದು, ನಾಳೆ ಬೆಳಿಗ್ಗೆ ದೇವರ ಮುಂದೆ ಕೂತು ಏನಂತ ಹೇಳ್ಕೋತೀರಿ? ಹೇಳಿ, ನಾನೂ ಕಲ್ತುಕೋತೀನಿ."

ಹಾಳೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಬುಟ್ಟಿಗೆ ಹಾಕಿದೆ.

ಚುಕ್ಕಿಯಕ್ಕನನ್ನೂ ಕೇಳಿದೆ. ಆಕೆ, "ನನ್ನನ್ನ ಕೇಳಬೇಡಿ ಸಾರ್. ನಾನು ಕೊಡಿ ಅಂತಲೇ ಹೇಳ್ತೀನಿ, ಆಮೇಲೆ ನಿಮಗೆ ನೆಪ ಸಿಗತ್ತೆ. ಇದು ನೀವು ಮಾಡೋ ಕೆಲಸ" ಎಂದಳು. ಆದ್ದರಿಂದ ಇದನ್ನು ನಾನು ಮಾಡುತ್ತಿದ್ದೇನೆ. ಬೇರೆ ಯಾರ ಹೆಸರನ್ನೂ ಮುಂದೆ ಮಾಡುವುದಿಲ್ಲ.

ನೀನು ಷರತ್ತು ಹಾಕಲಿಲ್ಲ; ಬೇಡಿಕೊಂಡೆ. ಷರತ್ತಾಗಿದ್ದರೆ ಮುರಿಯುವುದು ಸುಲಭವಿತ್ತು. ನಿನ್ನ ಬೇಡಿಕೆಯನ್ನು ನಡೆಸಿಕೊಡಲಾರೆ. ನಿನಗೆ ನಷ್ಟವಾಗದೆಂದು ಹೇಳುವಷ್ಟು ಲೋಕಜ್ಞಾನ ನನಗಿಲ್ಲ, ಆಗಬಹುದು. ಆ ನಷ್ಟಕ್ಕೆ ನಾನು ಕಾರಣನೆಂದು ನಿನ್ನ ಪಾಲುದಾರನಿಗೆ ಹೇಳು. ಅವನು ಬಂದು ಬೈಯುವುದಾದರೆ ಬಾಗಿಲು ತೆರೆದಿರುತ್ತದೆ. ಯಾರೋ ಹೇಳಿ ನಿನಗೆ ತಿಳಿಯಬಾರದು, ನನ್ನಿಂದಲೇ ತಿಳಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಬರೆಯುತ್ತಿರುವುದು ಅಂಚೆಕಚೇರಿಯ ಮೇಜಿನ ಮೇಲೆ. ಮೇಲ್ವಿಚಾರಕಿಗೆ ಹೋಗಬೇಕಾದ, ನಿನ್ನ ತಂತ್ರಾಂಶದ ಪ್ರತಿಯಿರುವ ಪೊಟ್ಟಣವನ್ನು ಆಗಲೇ ಕಿಟಕಿಯೊಳಗೆ ಕೊಟ್ಟಿದ್ದೇನೆ. ಒಳಗಿರುವ ಗುಮಾಸ್ತೆ ತೂಕ ನೋಡಿ, ಮೊಹರು ಕೈಯಲ್ಲಿ ಹಿಡಿದು, ಇದೀಗ ಕೇಳುತ್ತಿದ್ದಾಳೆ.

"ಯಜಮಾನರೇ, ನೀವು ಬರೀತಾ ಇರೋ ಕಾಗದಾನೂ ಇದರ ಜೊತೆಗೇ ಹೋಗಬೇಕಾ?"

"ಇಲ್ಲಮ್ಮ. ಕಾಗದ ಇವತ್ತು ಹೋಗಲಿ. ಪೊಟ್ಟಣ ನಾಳೆ ಹೋದರೆ ಸಾಕು" ಎಂದೆ.

ಒಂದು ದಿನ. ನಿನಗೆಂದು ನಾನು ಉಳಿಸಿಕೊಡಬಹುದಾದದ್ದು ಅಷ್ಟೇ.

ನಿನ್ನ ಭಾವ